ಕೊಡಗಿನಿಂದ ಮನೆಮಂದಿಯೆಲ್ಲ ಸ್ಕೀಯಿಂಗ್‌ಗೆ ಹೋಗಬಹುದಾ? ಸ್ಕೀ ಒಳ್ಳೆಯದಾ, ಸ್ನೋಬೋರ್ಡಾ?

ನೀವು ಕೇಳಿರುವುದು ಇಷ್ಟು: ಸೋಮವಾರಪೇಟೆ ಕಡೆ ಕಾಫಿ ತೋಟ, ಹದಿಮೂರು ವರ್ಷದ ಮಗಳು, ಏಳು ವರ್ಷದ ಮಗ, ಜೊತೆಗೆ ಅರವತ್ತು ದಾಟಿದ ಅಮ್ಮ. ಯಾರೂ ಹಿಮ ಮುಟ್ಟಿದವರಲ್ಲ. ಒಂದು ವಾರ ಬಿಡುವು ಮಾಡಿಕೊಂಡು ಹೋದರೆ ಎಲ್ಲರಿಗೂ ಖುಷಿಯಾಗುತ್ತದಾ, ಇಲ್ಲ ದುಡ್ಡು ದಂಡವಾ?

ಹೋಗಿ. ಖಂಡಿತ ಖುಷಿಯಾಗುತ್ತದೆ. ಸ್ಕೀ ಅಂದರೆ ಹಿಮದ ಮೇಲೆ ಜಾರಲು ಒಂದೊಂದು ಕಾಲಿಗೆ ಒಂದೊಂದು ಉದ್ದನೆಯ ಪಟ್ಟಿ, ಸ್ನೋಬೋರ್ಡ್ ಅಂದರೆ ಎರಡೂ ಕಾಲಿಗೆ ಒಂದೇ ಹಲಗೆ. ಯಾವುದು ಯಾರಿಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ನಾವು ಮೂರ್ನಾಡು ಕಡೆಯವರು. ನಮ್ಮ ಮಾವ ಸೇನೆಯಲ್ಲಿ ಇದ್ದವರು, ಕಾಶ್ಮೀರದ ಹಿಮದ ಕತೆ ಕೇಳಿಕೇಳಿಯೇ ನಮ್ಮ ಮಕ್ಕಳು ಹಟ ಹಿಡಿದದ್ದು. ಗುಲ್ಮಾರ್ಗ್‌ಗೂ ಹೋಗಿದ್ದೇವೆ, ಮನಾಲಿ ಹತ್ತಿರದ ಸೋಲಂಗ್‌ಗೂ ಹೋಗಿದ್ದೇವೆ. ಅಲ್ಲಿ ಬೇರೆ ಕುಟುಂಬಗಳನ್ನೂ ನೋಡಿ ನನಗೆ ಅನ್ನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಮನೆಯವರೆಲ್ಲ ಒಟ್ಟಿಗೆ ಕಲಿಯಲು ಹೋಗಬೇಡಿ. ಬೇರೆ ಬೇರೆಯಾಗಿ ಕಲಿಯಿರಿ, ಆಮೇಲೆ ಒಟ್ಟಿಗೆ ಆಡಿ. ಅದೂ ಬೆಟ್ಟದ ತುದಿಯಲ್ಲಿ ಅಲ್ಲ, ಬುಡದ ಚಿಕ್ಕ ಇಳಿಜಾರಿನಲ್ಲಿ.

ಹೆಚ್ಚಿನ ಕುಟುಂಬಗಳು ಅಲ್ಲಿ ಏನು ಮಾಡುತ್ತವೆ ಗೊತ್ತಾ? ಟ್ಯಾಕ್ಸಿ ಇಳಿದ ಕೂಡಲೇ ಬಾಡಿಗೆ ಕೋಟು, ಬಾಡಿಗೆ ಬೂಟು, ಒಬ್ಬ ಗೈಡು, ಒಂದು ಗಂಟೆ. ಅವನು ಕೈ ಹಿಡಿದು ಮೇಲೆ ಎಳೆದುಕೊಂಡು ಹೋಗುತ್ತಾನೆ, ಹಿಂದಿನಿಂದ ಹಿಡಿದು ಕೆಳಗೆ ಜಾರಿಸುತ್ತಾನೆ, ಫೋಟೋ ತೆಗೆಯುತ್ತಾನೆ, ಮುಗಿಯಿತು. ಹಾಗೆ ಮಾಡಿದವರು ಸುಸ್ತಾಗಿ, ಒದ್ದೆಯಾಗಿ, ಇಷ್ಟೇನಾ ಅಂದುಕೊಂಡು ವಾಪಸ್ ಬರುತ್ತಾರೆ. ಸ್ಕೀಯಿಂಗ್‌ನ ಖುಷಿ ಶುರುವಾಗುವುದು ಬೇಕಾದ ಕಡೆ ನೀವೇ ನಿಲ್ಲಿಸಲು ಬಂದಾಗ, ಬೇಕಾದ ಕಡೆ ನೀವೇ ತಿರುಗಿಸಲು ಬಂದಾಗ. ಅದಕ್ಕೆ ಹೊಸಬರಿಗೆ ಎರಡು ಮೂರು ದಿನ ಬೇಕೇ ಬೇಕು. ಒಂದು ವಾರ ಇದೆ ಅಂದಿದ್ದೀರಿ, ಪ್ರಯಾಣ ಕಳೆದು ನಾಲ್ಕು ದಿನ ಸಿಗುತ್ತದೆ. ಸಾಕು. ಆದರೆ ಆ ನಾಲ್ಕು ದಿನವೂ ಒಂದೇ ಊರಲ್ಲಿ ಇರಿ. ದಾಲ್ ಸರೋವರ, ಪಹಲ್ಗಾಮ್, ಸೋನ್‌ಮಾರ್ಗ್ ಎಲ್ಲ ತುರುಕಿದರೆ ಸ್ಕೀಯಿಂಗ್ ಸತ್ತುಹೋಗುತ್ತದೆ.

ಮೊದಲು ಸಮಯದ ವಿಷಯ ಮುಗಿಸೋಣ, ನಮ್ಮ ಕಡೆಯವರಿಗೆ ದೊಡ್ಡ ತೊಡಕು ಅದೇ ಅಲ್ವಾ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ 40 ದಿನ ಚಿಲ್ಲಾಯ್ ಕಲಾನ್, ಅತಿ ಹೆಚ್ಚು ಚಳಿಯ ಕಾಲ. ಸ್ಕೀಯಿಂಗ್‌ಗೆ ಒಳ್ಳೆ ಹಿಮ ಇರುವುದು ಜನವರಿ ಮತ್ತು ಫೆಬ್ರವರಿಯಲ್ಲಿ. ಸರಿಯಾಗಿ ಅದೇ ಹೊತ್ತಿಗೆ ನಮ್ಮಲ್ಲಿ ಕಾಫಿ ಕುಯ್ಲು, ಕಣದ ಕೆಲಸ, ಕಾರ್ಮಿಕರಿಗಾಗಿ ಪರದಾಟ. ನಮ್ಮದು ರೊಬಸ್ಟಾ, ಕುಯ್ಲು ಮುಗಿಯುವ ಹೊತ್ತಿಗೆ ಫೆಬ್ರವರಿ ಕೊನೆ ಬಂದಿರುತ್ತದೆ, ಅಷ್ಟರಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಚಿಂತೆ. ನಿಮ್ಮ ಸೋಮವಾರಪೇಟೆ ಕಡೆ ಅರೇಬಿಕಾ ಜಾಸ್ತಿ. ಅದು ಬೇಗ ಮುಗಿಯುತ್ತದೆ. ಹಾಗಾಗಿ ಜನವರಿ ಕೊನೆಯ ವಾರದಿಂದ ಫೆಬ್ರವರಿ ಮಧ್ಯದವರೆಗೆ ನಿಮಗೆ ಒಳ್ಳೆ ಅವಕಾಶ ಇದೆ. ಮಕ್ಕಳಿಗೆ ಶಾಲೆ ತಪ್ಪುತ್ತದೆ, ನಿಜ. ಇಬ್ಬರಿಗೂ ಬೋರ್ಡ್ ಪರೀಕ್ಷೆ ಇಲ್ಲದ ವಯಸ್ಸು, ಒಂದು ವಾರ ರಜೆ ಕೇಳಿ. ಕ್ರಿಸ್ಮಸ್ ರಜೆಗೆ ಹೋಗುವುದು ನನಗೆ ಇಷ್ಟವಿಲ್ಲ, ಜನ ಜಾಸ್ತಿ, ಹಿಮ ಕಡಿಮೆ ಇರುವ ಸಾಧ್ಯತೆಯೂ ಇದೆ.

ಹಿಮವನ್ನು ಈಗ ನಂಬುವ ಹಾಗಿಲ್ಲ ಅನ್ನುವುದನ್ನೂ ತಿಳಿದಿರಿ. 2024ರ ಜನವರಿಯಲ್ಲಿ ಬಹುಪಾಲು ದಿನ ಗುಲ್ಮಾರ್ಗ್‌ನ ಬಯಲು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು, ಹಿಮ ಬಿದ್ದದ್ದು ತಿಂಗಳ ಕೊನೆಗೆ. 2025ರಲ್ಲಿ ಅಲ್ಲಿ ಫೆಬ್ರವರಿಗೆ ಇಟ್ಟಿದ್ದ ಖೇಲೋ ಇಂಡಿಯಾ ವಿಂಟರ್ ಗೇಮ್ಸ್ ಹಿಮ ಸಾಲದೆ ಮಾರ್ಚ್‌ಗೆ ಹೋಯಿತು. ಆದ್ದರಿಂದ ಹೋಟೆಲನ್ನು ರದ್ದು ಮಾಡಲು ಬರುವ ಹಾಗೆ ಬುಕ್ ಮಾಡಿ, ಹೊರಡುವ ಎರಡು ವಾರ ಮುಂಚೆ ಅಲ್ಲಿಯವರಿಗೆ ಫೋನ್ ಮಾಡಿ ಕೇಳಿ. ಫೋನ್ ಅಂದಾಗ ನೆನಪಾಯಿತು, ನಮ್ಮ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ.

ಎಲ್ಲಿಗೆ? ನಾನಾದರೆ ಗುಲ್ಮಾರ್ಗ್ ಅನ್ನುತ್ತೇನೆ. ಶ್ರೀನಗರದಿಂದ ಸುಮಾರು 50 ಕಿ.ಮೀ., ಅಷ್ಟೇ. ತಂಗ್‌ಮಾರ್ಗ್‌ನಿಂದ ಮೇಲಕ್ಕೆ ಹಿಮ ಬಿದ್ದ ದಿನ ಟೈರಿಗೆ ಚೈನ್ ಕಟ್ಟಿದ ಗಾಡಿ ಅಥವಾ ಫೋರ್ ವೀಲ್ ಡ್ರೈವ್ ಜೀಪು ಬೇಕು. ಮೇಲೆ ಹೋದರೆ ಬಟ್ಟಲಿನಂಥ ಬಯಲು, ಅದರ ಅಂಚಿನಲ್ಲಿ ಹೊಸಬರಿಗೆ ಹೇಳಿ ಮಾಡಿಸಿದಂಥ ಸಣ್ಣ ಇಳಿಜಾರುಗಳು, ಚಲಿಸುವ ಹಗ್ಗಕ್ಕೆ ತೂಗುಹಾಕಿದ ಪಟ್ಟಿಯಿಂದ ಮೇಲಕ್ಕೆ ಎಳೆದುಕೊಂಡು ಹೋಗುವ ಲಿಫ್ಟ್. ಆ ಲಿಫ್ಟ್ ಮೇಲೆ ಕೂರಲು ಹೋಗಬೇಡಿ. ನಿಂತೇ ಇರಬೇಕು, ಅದು ಸೊಂಟದ ಹಿಂದಿನಿಂದ ತಳ್ಳುತ್ತದೆ. ಉತ್ತರಾಖಂಡದ ಔಲಿ ಕೂಡ ಚಂದ, ಎದುರಿಗೇ ನಂದಾದೇವಿ ಕಾಣುತ್ತದೆ, ಅಲ್ಲಿನ ಸರ್ಕಾರಿ ಪ್ರವಾಸ ನಿಗಮ 7 ದಿನ ಮತ್ತು 14 ದಿನದ ಸ್ಕೀ ಕೋರ್ಸ್ ನಡೆಸುತ್ತದೆ. ಆದರೆ ಋಷಿಕೇಶದಿಂದ ಔಲಿಯ ಬುಡದ ಜೋಶಿಮಠಕ್ಕೆ 250 ಕಿ.ಮೀ. ಬೆಟ್ಟದ ರಸ್ತೆ. ಏಳು ವರ್ಷದ ಹುಡುಗನನ್ನೂ ಅಮ್ಮನನ್ನೂ ಕರೆದುಕೊಂಡು ಅಷ್ಟು ದೂರ ಹೋಗಿ ಬರುವುದರಲ್ಲೇ ನಿಮ್ಮ ವಾರ ಮುಗಿಯುತ್ತದೆ. ಸೋಲಂಗ್ ಮನಾಲಿಗೆ ಹತ್ತಿರ, ಹೋಗಿಬರಲು ಸುಲಭ, ಆದರೆ ಗಲಾಟೆ ಜಾಸ್ತಿ. ಸ್ಕೀ ಮಾಡುವವರ ದಾರಿಯಲ್ಲೇ ಜನ ನಡೆಯುತ್ತಿರುತ್ತಾರೆ, ಚಿಕ್ಕ ಮಕ್ಕಳಿಗೆ ಅದು ಅಪಾಯ.

2025ರ ಏಪ್ರಿಲ್‌ನ ಪಹಲ್ಗಾಮ್ ದಾಳಿ ಆದ ಮೇಲೆ ಕಾಶ್ಮೀರ ಅಂದರೆ ಮನೆಯ ಹಿರಿಯರು ಬೇಡ ಅನ್ನುವುದು ಸಹಜ. ಹೊರಡುವ ಮುಂಚೆ ಸರ್ಕಾರದ ಸೂಚನೆ ನೋಡಿ. ಮನಸ್ಸು ಒಪ್ಪದಿದ್ದರೆ ಸೋಲಂಗ್‌ಗೇ ಹೋಗಿ, ವಾರದ ನಡುವಿನ ದಿನಗಳಲ್ಲಿ, ಬೆಳಿಗ್ಗೆ ಬೇಗ.

ಈಗ ಕಲಿಯುವ ವಿಷಯ. ಇನ್‌ಸ್ಟ್ರಕ್ಟರ್‌ಗಾಗಿ ಖರ್ಚು ಮಾಡಿ, ಬೇಕಾದರೆ ಹೋಟೆಲಿನಲ್ಲಿ ಉಳಿಸಿ. ನಾಲ್ವರಿಗೆ ಒಬ್ಬ ಸಾಲದು. ಚಿಕ್ಕವನಿಗೆ ಒಬ್ಬರು ಬೇರೆಯೇ ಬೇಕು. ಏಳು ವರ್ಷದವರು ನೋಡಿ ಕಲಿಯುತ್ತಾರೆ, ವಿವರಣೆ ಅವರಿಗೆ ಬೇಡ. ದೊಡ್ಡವರಿಗೆ ಪ್ರತಿಯೊಂದಕ್ಕೂ ಯಾಕೆ ಅಂತ ಗೊತ್ತಾಗಬೇಕು. ಹದಿಮೂರರ ಹುಡುಗಿಗೆ ತಾನು ಬೀಳುವುದನ್ನು ಅಪ್ಪ ಅಮ್ಮ ನೋಡುತ್ತಾ ನಿಂತಿರುವುದೇ ಹಿಂಸೆ. ಈ ಮೂರೂ ಥರದವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಒಬ್ಬರು ಕಾಯುತ್ತಾ ನಡುಗುತ್ತಾರೆ, ಒಬ್ಬರು ಹೆದರುತ್ತಾರೆ, ಒಬ್ಬರು ಮುನಿಸಿಕೊಳ್ಳುತ್ತಾರೆ. ಅಪ್ಪ ಮಗನಿಗೆ ಕಲಿಸುವುದು, ಗಂಡ ಹೆಂಡತಿಗೆ ಕಲಿಸುವುದು ಎರಡೂ ಬೇಡ, ಅಪ್ಪನಿಗೆ, ಗಂಡನಿಗೆ ಚೆನ್ನಾಗಿ ಬಂದರೂ ಬೇಡ.

ಬೆಳಿಗ್ಗೆ ಎರಡು ಗಂಟೆ ಎಲ್ಲರೂ ಅವರವರ ಪಾಠಕ್ಕೆ. ಮಧ್ಯಾಹ್ನ ಬಿಸಿ ಊಟ, ಒಣ ಸಾಕ್ಸು, ಒಣ ಗ್ಲೌಸು. ಆಮೇಲೆ ಒಂದು ಗಂಟೆ ಎಲ್ಲರೂ ಒಂದೇ ಇಳಿಜಾರಿಗೆ ಬನ್ನಿ. ಆ ಒಂದು ಗಂಟೆಗಾಗಿಯೇ ಇಷ್ಟು ದೂರ ಹೋಗುವುದು. ನಮ್ಮ ಮನೆಯಲ್ಲಿ ಇಷ್ಟವಾದ ಎರಡು ಆಟ ಹೇಳುತ್ತೇನೆ. ಒಂದು, ರೈಲು. ಎಲ್ಲರಿಗಿಂತ ಚಿಕ್ಕವರು ಇಂಜಿನ್, ಉಳಿದವರು ಅವರು ಹೋದ ಗೆರೆಯಲ್ಲೇ ಹಿಂದೆ ಹೋಗಬೇಕು. ವೇಗ ಎಷ್ಟು ಅಂತ ಚಿಕ್ಕವರೇ ತೀರ್ಮಾನ ಮಾಡುವುದರಿಂದ ಯಾರೂ ಹಿಂದೆ ಉಳಿಯುವುದಿಲ್ಲ, ದೊಡ್ಡವರಿಗೂ ತಿರುವು ತಾನಾಗಿ ಬಂದುಬಿಡುತ್ತದೆ. ಇನ್ನೊಂದು, ಇಳಿಜಾರಿನ ಉದ್ದಕ್ಕೂ ಅಲ್ಲಲ್ಲಿ ಟೊಪ್ಪಿ, ಮಫ್ಲರ್ ಇಟ್ಟು ಜಾರುತ್ತಾ ಬಗ್ಗಿ ಎತ್ತಿಕೊಳ್ಳುವುದು. ಬಗ್ಗಿದಾಗ ಮೊಣಕಾಲು ಮಡಚಲೇಬೇಕು, ಮೊಣಕಾಲು ಮಡಚಿದರೆ ಸ್ಕೀ ಮಾತು ಕೇಳುತ್ತದೆ. ನನ್ನ ಮಗ ಅಜ್ಜನ ಮಫ್ಲರ್ ಎತ್ತಿಕೊಂಡು ಕೆಳಗೆ ಬಂದು, ತಾನಾಗಿ ನಿಂತು, ತಿರುಗಿ ನಮ್ಮ ಕಡೆ ನೋಡಿದ ಮುಖ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ.

ಹೊಸಬರಿಗೆ ಮೊದಲ ಪಾಠ ನಿಲ್ಲಿಸುವುದು. ಸ್ನೋಪ್ಲೌ ಅನ್ನುತ್ತಾರೆ, ಮಕ್ಕಳಿಗೆ ಅರ್ಥವಾಗಲಿ ಅಂತ ಪಿಜ್ಜಾ ಅಂತಲೂ ಹೇಳುತ್ತಾರೆ. ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ, ಒಳ ಅಂಚಿನಿಂದ ಹಿಮವನ್ನು ಒತ್ತಬೇಕು. ಹೆಚ್ಚು ಅಗಲಿಸಿದಷ್ಟೂ ವೇಗ ಕಡಿಮೆ. ಕಷ್ಟ ಎಲ್ಲಿ ಅಂದರೆ, ಭಯವಾದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗದ ಮೇಲೆ ಭಾರ ಬೀಳುವುದಿಲ್ಲ, ಅದು ತಿರುಗುವುದಿಲ್ಲ, ವೇಗ ಇನ್ನೂ ಏರುತ್ತದೆ. ಹೆದರಿದಾಗಲೇ ಮುಂದಕ್ಕೆ ಬಗ್ಗಬೇಕು, ಮುಂಗಾಲು, ಅಂದರೆ ಮೊಣಕಾಲ ಕೆಳಗಿನ ಮುಂಭಾಗ, ಬೂಟಿನ ನಾಲಿಗೆಗೆ ಒತ್ತಿರಬೇಕು. ನಮ್ಮ ಕಡೆಯ ಮಕ್ಕಳಿಗೆ ಇದು ಬೇಗ ಬರುತ್ತದೆ. ಹಾಕಿಯಲ್ಲಿ ಬಾಲ್ ತಡೆಯಲು ನಿಂತ ಹಾಗೇ ನಿಲ್ಲಬೇಕು: ಮೊಣಕಾಲು ಮಡಚಿ, ಎದೆ ಮುಂದೆ, ಎರಡೂ ಕೈ ಕಣ್ಣಿಗೆ ಕಾಣುವ ಹಾಗೆ.

ಹಿಮವೇ ಬೀಳದ ಊರಿನವರಿಗೆ ಇದೆಲ್ಲ ಯಾಕೆ ಅಂತ ಯಾರಾದರೂ ಕೇಳಿದರೆ ತೆಕ್ಕಡ ಭವಾನಿ ಅವರ ಹೆಸರು ಹೇಳಿ. ನಮ್ಮ ಕೊಡಗಿನವರೇ, ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಕರ್ನಾಟಕಕ್ಕೆ ಪದಕ ತಂದವರು. ಅವರದು ಕ್ರಾಸ್ ಕಂಟ್ರಿ. ಅಂದರೆ ಇಳಿಜಾರಿನಲ್ಲಿ ಜಾರುವುದಷ್ಟೇ ಅಲ್ಲ, ಹಿಮ್ಮಡಿ ಬಿಡುವಾಗಿರುವ ತೆಳು ಸ್ಕೀ ಕಟ್ಟಿಕೊಂಡು ಏರು, ತಗ್ಗು, ಬಯಲು ಎಲ್ಲದರಲ್ಲೂ ಮೈಲಿಗಟ್ಟಲೆ ಓಡುವುದು. ನನ್ನ ಮಗಳು ಅವರ ಸುದ್ದಿ ಇರುವ ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದಾಳೆ.

ಸ್ಕೀಯೋ ಸ್ನೋಬೋರ್ಡೋ ಅನ್ನುವುದಕ್ಕೆ ನನ್ನ ಉತ್ತರ: ಮಗನಿಗೆ ಸ್ಕೀ, ನಿಮಗಿಬ್ಬರಿಗೂ ಸ್ಕೀ, ಮಗಳಿಗೆ ಅವಳು ಕೇಳಿದ್ದು. ಸ್ಕೀಯಲ್ಲಿ ಎರಡು ಕಾಲೂ ಬೇರೆ ಬೇರೆ, ಮುಖ ಮುಂದಕ್ಕೆ, ಕೈಯಲ್ಲಿ ಕೋಲು, ಮೊದಲ ದಿನವೇ ಸ್ವಲ್ಪ ದೂರ ಹೋಗಬಹುದು. ಸ್ನೋಬೋರ್ಡ್‌ನಲ್ಲಿ ಎರಡು ಕಾಲೂ ಒಂದೇ ಹಲಗೆಗೆ ಬಿಗಿ, ಮೈ ಅಡ್ಡಕ್ಕೆ. ಮೊದಲ ಎರಡು ದಿನ ಬೀಳುವುದೇ ಕೆಲಸ, ಮುಂದೆ ಬಿದ್ದರೆ ಮಣಿಕಟ್ಟಿಗೆ ಪೆಟ್ಟು, ಹಿಂದೆ ಬಿದ್ದರೆ ಬೆನ್ನಿನ ಬುಡಕ್ಕೆ. ಸಮತಟ್ಟು ಜಾಗ ಬಂದರೆ ಸ್ಕೀಯವರು ಕೋಲು ಊರಿ ಸಾಗುತ್ತಾರೆ, ಬೋರ್ಡಿನವರು ಒಂದು ಕಾಲು ಬಿಚ್ಚಿ ತಳ್ಳಿಕೊಂಡು ಹೋಗಬೇಕು. ಎಳೆಯುವ ಲಿಫ್ಟೂ ಬೋರ್ಡಿನವರಿಗೆ ಕಷ್ಟ. ಆದರೆ ಆ ಎರಡು ದಿನ ತಡೆದುಕೊಂಡರೆ ಮೂರನೇ ದಿನದಿಂದ ಬೇಗ ಬೇಗ ಬರುತ್ತದೆ, ಬೂಟು ಮೆತ್ತಗೆ ಇರುತ್ತದೆ, ನಡೆಯಲು ಸುಲಭ. ಈ ವಯಸ್ಸಿನ ಮಕ್ಕಳಿಗೆ ಅದು ತಮ್ಮದೇ ಆಟ ಅನ್ನಿಸುತ್ತದೆ, ತಮ್ಮನ ಜೊತೆ ಹೋಲಿಕೆ ಇರುವುದಿಲ್ಲ. ಅವಳು ಬೋರ್ಡ್ ಅಂದರೆ ಮಣಿಕಟ್ಟಿನ ಗಾರ್ಡ್ ತೆಗೆದುಕೊಡಿ, ಬೀಳುವಾಗ ಅಂಗೈ ಊರದೆ ಮುಷ್ಟಿ ಕಟ್ಟಲು ಹೇಳಿ. ಅಂದಹಾಗೆ ಈಗಿನ ಸ್ನೋಬೋರ್ಡಿಗೆ ದಾರಿ ಮಾಡಿದ್ದು ಒಬ್ಬ ಅಪ್ಪ. ಅಮೆರಿಕದ ಮಿಷಿಗನ್‌ನಲ್ಲಿ 1965ರ ಕ್ರಿಸ್ಮಸ್ ದಿನ ಶೆರ್ಮನ್ ಪಾಪನ್ ಅನ್ನುವವರು ಮನೆಯಲ್ಲಿದ್ದ ಹೆಣ್ಣುಮಕ್ಕಳ ಆಟಕ್ಕೆ ಅಂತ ಎರಡು ಸ್ಕೀಗಳನ್ನು ಜೋಡಿಸಿ ಒಂದು ಹಲಗೆ ಮಾಡಿದರು. ಅವರ ಹೆಂಡತಿ ಅದಕ್ಕೆ ಸ್ನರ್ಫರ್ ಅಂತ ಹೆಸರಿಟ್ಟರು. 1998ರಲ್ಲಿ ನಗಾನೊದಲ್ಲಿ ಸ್ನೋಬೋರ್ಡಿಂಗ್ ಒಲಿಂಪಿಕ್ಸ್‌ಗೂ ಬಂತು. ಮನೆಮಂದಿಯ ಆಟವಾಗಿಯೇ ಹುಟ್ಟಿದ್ದು ಅನ್ನುವುದು ನನಗೆ ತುಂಬ ಇಷ್ಟ.

ಬಾಡಿಗೆ ಸಾಮಾನಿನಲ್ಲಿ ದಯವಿಟ್ಟು ಅವಸರ ಬೇಡ. ಅರ್ಧ ಖುಷಿ ಬೂಟಿನಲ್ಲೇ ಇದೆ. ಸ್ಕೀ ಬೂಟು ಬಿಗಿಯಾಗಿ ಇರಬೇಕು, ಮೊಣಕಾಲು ಮಡಚಿದಾಗ ಹಿಮ್ಮಡಿ ಮೇಲೆ ಏಳಬಾರದು. ಎರಡು ಜೊತೆ ಸಾಕ್ಸ್ ಹಾಕಬೇಡಿ, ಒಂದೇ ಉದ್ದದ ಉಣ್ಣೆ ಸಾಕ್ಸು, ಸುಕ್ಕಿಲ್ಲದೆ. ಪ್ಯಾಂಟನ್ನು ಬೂಟಿನೊಳಗೆ ತುರುಕಬಾರದು, ಅರ್ಧ ಗಂಟೆಯಲ್ಲಿ ಮುಂಗಾಲು ಉರಿಯುತ್ತದೆ. ಹೊಸಬರ ಸ್ಕೀ ಗಲ್ಲದವರೆಗೆ ಬಂದರೆ ಸಾಕು. ಉದ್ದದ್ದು ಕೊಟ್ಟರೆ ವಾಪಸ್ ಕೊಡಿ.

ಎಲ್ಲಕ್ಕಿಂತ ಮುಖ್ಯ ಬೈಂಡಿಂಗ್. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ ಅದು. ಬಿದ್ದು ಕಾಲು ತಿರುಚಿದಾಗ ಅದು ತಾನಾಗಿ ಬಿಚ್ಚಿಕೊಳ್ಳಬೇಕು, ಬಿಚ್ಚದಿದ್ದರೆ ಪೆಟ್ಟು ಮೊಣಕಾಲಿನ ಲಿಗಮೆಂಟಿಗೆ. ಎಷ್ಟು ಬಲಕ್ಕೆ ಬಿಚ್ಚಬೇಕು ಅನ್ನುವುದನ್ನು ತೂಕ, ಎತ್ತರ, ವಯಸ್ಸು, ಎಷ್ಟು ಬರುತ್ತದೆ ಅನ್ನುವುದನ್ನು ನೋಡಿ ಸ್ಕ್ರೂ ತಿರುಗಿಸಿ ಹೊಂದಿಸುತ್ತಾರೆ, ಪಕ್ಕದಲ್ಲೇ ಅಂಕಿ ಕಾಣುತ್ತದೆ. ಹಗುರವಾದ ಮಗುವಿಗೆ ಚಿಕ್ಕ ಅಂಕಿ. ಅಂಗಡಿಯವರು ನಿಮ್ಮ ಮಗನ ತೂಕವನ್ನೇ ಕೇಳದೆ ಸ್ಕೀ ಕೊಟ್ಟರೆ ನೀವೇ ನಿಲ್ಲಿಸಿ ಕೇಳಿ. ಹಿಂದೆ ದೊಡ್ಡವರು ಹಾಕಿದ್ದ ಅಂಕಿಯಲ್ಲೇ ಇರಬಹುದು. ನಾಚಿಕೆ ಬೇಡ, ಇದನ್ನು ಕೇಳುವುದು ನಿಮ್ಮ ಹಕ್ಕು. ಸ್ನೋಬೋರ್ಡಿನ ಬೈಂಡಿಂಗ್ ಹಾಗೆ ಬಿಚ್ಚುವುದಿಲ್ಲ, ಅದು ಬಿಗಿಯಾಗಿಯೇ ಇರುತ್ತದೆ.

ಹೆಲ್ಮೆಟ್ ಇಲ್ಲದೆ ಯಾರೂ ಇಳಿಯಬಾರದು. ಮಕ್ಕಳ ಅಳತೆಯದು ಅಲ್ಲಿ ಸಿಗದೆ ಹೋಗಬಹುದು, ಬೆಂಗಳೂರಿನಲ್ಲೇ ಕೊಂಡುಕೊಂಡು ಹೋಗಿ. ಬಟ್ಟೆ ವಿಷಯದಲ್ಲಿ ನಮಗೆ ಒಂದು ಅನುಕೂಲ ಇದೆ, ಒದ್ದೆ ಚಳಿ ಅಂದರೆ ಏನು ಅಂತ ಜುಲೈ ತಿಂಗಳು ನಮಗೆ ಕಲಿಸಿದೆ. ಒಳಗೆ ಬೆವರು ಹೀರಿ ಹೊರಹಾಕುವ ಥರ್ಮಲ್, ನಡುವೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ನೀರು ಗಾಳಿ ತಡೆಯುವ ಜಾಕೆಟ್ಟು ಪ್ಯಾಂಟು. ಹತ್ತಿ ಬಟ್ಟೆ, ಜೀನ್ಸ್ ಎರಡೂ ಬೇಡ, ಒದ್ದೆಯಾದರೆ ಒಣಗುವುದೇ ಇಲ್ಲ. ಮಕ್ಕಳಿಗೆ ಎರಡು ಜೊತೆ ಗ್ಲೌಸ್. ಗಾಗಲ್ಸ್ ಮತ್ತು ಸನ್‌ಸ್ಕ್ರೀನ್ ಮೋಡ ಇದ್ದರೂ ಬೇಕು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣದಲ್ಲಿ 80%ವರೆಗೂ ವಾಪಸ್ ಮುಖಕ್ಕೆ ಎಸೆಯುತ್ತದೆ, ಕಣ್ಣು ಸುಟ್ಟ ಹಾಗೆ ಉರಿಯುತ್ತದೆ.

ಅಮ್ಮನ ವಿಷಯ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗಿ ಮೈಗೆ ಕಷ್ಟ. ಮಡಿಕೇರಿ ಸುಮಾರು 1,170 ಮೀಟರ್, ನಮ್ಮ ತಡಿಯಂಡಮೋಳ್ ತುದಿಯೇ 1,748. ಗುಲ್ಮಾರ್ಗ್ 2,650. ಹೋದ ದಿನ ಯಾರೂ ಏನೂ ಮಾಡಬೇಡಿ, ನೀರು ಕುಡಿದು ಸುಮ್ನೆ ಓಡಾಡಿ. ತಲೆನೋವು, ವಾಕರಿಕೆ ಬಂದರೆ ಮರುದಿನವೂ ವಿಶ್ರಾಂತಿ, ಕಡಿಮೆಯಾಗದಿದ್ದರೆ ಕೆಳಗೆ ಇಳಿಯಬೇಕು. ಗೊಂಡೋಲಾ ಅನ್ನುವ ಕೇಬಲ್ ಕಾರಿನ ಮೊದಲ ಹಂತ ಕೊಂಗ್‌ಡೂರಿಯವರೆಗೆ, ಸುಮಾರು 3,080 ಮೀಟರ್, ಅಲ್ಲಿಗೆ ಅಮ್ಮ ಆರಾಮಾಗಿ ಬರಬಹುದು. ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲೆ 3,900 ದಾಟುತ್ತದೆ. ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಬೇಡವೇ ಬೇಡ. ಅಮ್ಮನನ್ನು ಇಡೀ ದಿನ ಹೋಟೆಲಿನಲ್ಲಿ ಕೂರಿಸಬೇಡಿ. ಇಳಿಜಾರಿಗೆ ಹತ್ತಿರ ಇರುವ ಹೋಟೆಲ್ ನೋಡಿ, ಮಧ್ಯಾಹ್ನದ ಆಟಕ್ಕೆ ಅವರೂ ಬಂದು ಕುರ್ಚಿ ಹಾಕಿ ಕೂರಲಿ, ಹಿಮದ ಮೇಲೆ ಎಳೆಯುವ ಸ್ಲೆಡ್ಜ್ ಗಾಡಿಯಲ್ಲಿ ಒಂದು ಸುತ್ತು ಹೋಗಲಿ. ನೀವಿಬ್ಬರೂ ಸರದಿ ಮೇಲೆ ಅವರ ಜೊತೆ ಇರಿ.

ಅಫರ್ವತ್ ಮೇಲಿಂದ ಸ್ಕೀ ಮಾಡುತ್ತಾ ಇಳಿಯುವವರನ್ನು ನೋಡಿ ಮಗಳಿಗೆ ಆಸೆಯಾಗಬಹುದು. ಬೇಡ ಅನ್ನಿ. ಅದು ಹದ ಮಾಡಿದ ದಾರಿಯಲ್ಲ, ಕಾಡು ಹಿಮ. 2023ರಲ್ಲೂ 2024ರಲ್ಲೂ ಫೆಬ್ರವರಿಯಲ್ಲಿ ಅಲ್ಲಿ ಹಿಮ ಕುಸಿದು ಅನುಭವಿ ವಿದೇಶಿ ಸ್ಕೀಯರ್‌ಗಳೇ ಸತ್ತಿದ್ದಾರೆ. ಹಳೆಯ ಸಡಿಲ ಪದರದ ಮೇಲೆ ಒಮ್ಮೆಲೇ ಹೊಸ ಹಿಮದ ಭಾರ ಬಿದ್ದಾಗ ಇಡೀ ಹಾಸು ಜಾರುತ್ತದೆ. 2018ರ ಆಗಸ್ಟ್ ಕಂಡ ನಮಗೆ ಇಳಿಜಾರು ಕುಸಿಯುವುದು ಏನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಹೊರಡುವ ಒಂದು ತಿಂಗಳ ಮುಂಚಿನಿಂದ ದಿನಾ ಸ್ವಲ್ಪ ಹೊತ್ತು ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತ ಹಾಗೆ ನಿಲ್ಲಿ, ಭಾನುವಾರ ಕೋಟೆಬೆಟ್ಟ ಹತ್ತಿ ಇಳಿಯಿರಿ, ನಿಮಗೆ ಹತ್ತಿರವೇ. ತೊಡೆಗೆ ಬಲ ಇಲ್ಲದಿದ್ದರೆ ಎರಡನೇ ದಿನ ಮೆಟ್ಟಿಲು ಇಳಿಯಲೂ ಆಗುವುದಿಲ್ಲ. ಪ್ರಯಾಣ ವಿಮೆ ಮಾಡಿಸುವಾಗ ಸ್ಕೀಯಿಂಗ್ ಸೇರಿದೆಯಾ ಅಂತ ಓದಿ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಯನ್ನು ಬಿಟ್ಟಿರುತ್ತಾರೆ.

ಈ ವರ್ಷ ಕುಯ್ಲು ತಡವಾಗಿ ಜನವರಿ ಫೆಬ್ರವರಿಯಲ್ಲಿ ಹೊರಡಲು ಆಗದೇ ಹೋದರೆ ಬೇಸಿಗೆ ರಜೆಗೆ ಇನ್ನೊಂದು ದಾರಿ ಇದೆ. ದುಬೈನ ಮಾಲ್ ಆಫ್ ದಿ ಎಮಿರೇಟ್ಸ್ ಒಳಗೆ 2005ರಿಂದ ಸ್ಕೀ ದುಬೈ ನಡೆಯುತ್ತಿದೆ. ಚಾವಣಿ ಕೆಳಗೇ ಹಿಮ, ಉದ್ದದ ಇಳಿಜಾರು 400 ಮೀಟರ್, ಹೊಸಬರಿಗೆ ಬೇರೆ ಜಾಗ, ಬಟ್ಟೆ ಬೂಟು ಎಲ್ಲ ಅಲ್ಲೇ. ಮಾಕುಟ್ಟ ರಸ್ತೆ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ, ಅಲ್ಲಿಂದ ಗಲ್ಫ್‌ಗೆ ವಿಮಾನ ಇದೆ. ಬೆಟ್ಟದ ಗಾಳಿ, ದೇವದಾರು ಮರ ಅಲ್ಲಿ ಸಿಗುವುದಿಲ್ಲ, ಆದರೆ ಕಲಿಯಲು ಹಿಮ ಒಂದೇ ಥರ ಇರುತ್ತದೆ, ಎತ್ತರದ ತೊಂದರೆಯೂ ಇಲ್ಲ. ಮೇ ತಿಂಗಳಲ್ಲಿ ಅಲ್ಲಿ ನಿಲ್ಲಿಸುವುದನ್ನೂ ತಿರುಗಿಸುವುದನ್ನೂ ಕಲಿತರೆ, ಮುಂದಿನ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ಗೆ ಹೋದಾಗ ಮಕ್ಕಳು ಮೊದಲ ಪಾಠದಲ್ಲೇ ಲಿಫ್ಟ್ ಹತ್ತಬಹುದು.